ಬರಹದ ಯಂತ್ರದೊಳಗಣ ಶೋಧವೂ ಕನ್ನಡ ಶಬ್ದವೂ

ಹರಿಹರ ತಾಲ್ಲೂಕಿಗೆ ಸೇರಿದ ನಂದಿಗುಡಿಯ ಹೆಸರನ್ನು ಇಂದಿನ ಕಂಪ್ಯೂಟರಿನ ಹುಡುಕುವ ಚೌಕದಲ್ಲಿ ಬರೆದರೆ ಎರಡು ಬಗೆಯ ಉತ್ತರಗಳು ಒಂದೇ ಫಲಕದಲ್ಲಿ ತೋರಬಹುದು. ಒಂದು, ಆ ಯಂತ್ರದಲ್ಲಿಯೇ ಶೇಖರವಾಗಿರುವ ಕಡತಗಳದು. ಮತ್ತೊಂದು, ಅಂತರ್ಜಾಲದಿಂದ ತಂದುದು. ಮೊದಲನೆಯದು ಮನೆಯ ಪೆಟ್ಟಿಗೆಯನ್ನು ತೆರೆದು ನೋಡಿದಂತೆ. ಎರಡನೆಯದು ಸಂತೆಯಲ್ಲಿ ನಿಂತು ವಿಚಾರಿಸಿದಂತೆ. ಇವೆರಡನ್ನು ಕೂಡಿಸಿದುದರಿಂದ ಅನುಕೂಲವಿಲ್ಲವೆನ್ನಲಾಗದು. ಆದರೆ ಶಬ್ದಪ್ರಯೋಗಗಳನ್ನೂ ಸ್ಥಳನಾಮಗಳ ಉಲ್ಲೇಖಗಳನ್ನೂ ಆಧಾರವಾಗಿಟ್ಟುಕೊಂಡು ನಿರ್ಣಯಕ್ಕೆ ಬರುವ ವಿದ್ವಾಂಸರಿಗೆ ಈ ಕೂಡಿಕೆಯಿಂದ ಒದಗುವ ತೊಡಕು ಸಾಮಾನ್ಯವಾದುದಲ್ಲ.

ಈ ಏರ್ಪಾಡಿನ ಚರಿತ್ರೆ ದೀರ್ಘವಾದುದಲ್ಲ. 1998ರಲ್ಲಿ ಆಪಲ್ ಸಂಸ್ಥೆಯು ಮ್ಯಾಕ್ ಓಎಸ್ 8.5ರೊಡನೆ ಕೊಟ್ಟ ಷರ್ಲಾಕ್ ಎಂಬ ಸಾಧನವು ಯಂತ್ರದ ಕಡತಗಳನ್ನೂ ಅಂತರ್ಜಾಲವನ್ನೂ ಒಂದೆಡೆಯಿಂದ ಹುಡುಕುತ್ತಿದ್ದಿತು. ಮೈಕ್ರೋಸಾಫ್ಟಿನ 2003ರ ಆಫೀಸ್ ತಂತ್ರಾಂಶದಲ್ಲಿ, ಬರೆಯುತ್ತಿರುವ ಶಬ್ದವನ್ನು ಬರಹದ ಪಕ್ಕದಲ್ಲಿಯೇ ವಿಚಾರಿಸುವ ಅಂಕಣವು ಬಂದಿತು. 2013ರ ವಿಂಡೋಸ್ 8.1ರಲ್ಲಿ ಬಿಂಗ್ ಶೋಧಕದ ಫಲಗಳು ಮನೆಯ ಕಡತಗಳೊಡನೆ ಬೆರೆತುವು. 2012ರಲ್ಲಿ ಹೊರಬಂದ ಉಬುಂಟು 12.10ರಲ್ಲಿ, ಬಳಸುವವನು ತನ್ನ ಕಡತಕ್ಕಾಗಿ ಹುಡುಕಿದ ಮಾತಿಗೆ ಅಮೆಜಾನ್ ಅಂಗಡಿಯ ಸರಕುಗಳೂ ಉತ್ತರವಾಗಿ ಬರತೊಡಗಲು ಬಲವಾದ ಆಕ್ಷೇಪಣೆಗಳು ಹುಟ್ಟಿದುವು, 2016ರ 16.04ರಲ್ಲಿ ಅದನ್ನು ಬಳಸುವವನು ಬೇಕೆಂದರೆ ಮಾತ್ರ ನಡೆಯುವಂತೆ ಮಾಡಲಾಯಿತು. ಯುರೋಪಿನ ಹೊಸ ಶಾಸನದ ಫಲವಾಗಿ 2024ರಲ್ಲಿ ಅಲ್ಲಿಯ ವಿಂಡೋಸ್ ಬಳಕೆದಾರರಿಗೆ ಬಿಂಗಿನ ಫಲಗಳನ್ನು ತೆಗೆದುಹಾಕುವ ಅವಕಾಶವು ದೊರೆಯಿತು. ಈ ವಿವಾದಗಳೆಲ್ಲ ವ್ಯಾಪಾರಕ್ಕೂ ಗೋಪ್ಯಕ್ಕೂ ಸಂಬಂಧಪಟ್ಟುವು. ಕನ್ನಡದ ಮಟ್ಟಿಗೆ ಇವಲ್ಲದೆ ಬೇರೊಂದು ಪ್ರಶ್ನೆಯೂ ಉಂಟು. ಅದನ್ನು ಆ ವಾದಿಗಳಾರೂ ಎತ್ತಬೇಕಾಗಿರಲಿಲ್ಲ.

ಅದೇನೆಂದರೆ, ಕಣ್ಣಿಗೆ ಕನ್ನಡವಾಗಿ ಕಾಣುವುದೆಲ್ಲ ಯಂತ್ರಕ್ಕೆ ಕನ್ನಡವಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತದಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸ್ಥಾನಗಳು ದೊರೆತಿದ್ದರೂ, ವಿಂಡೋಸಿನಲ್ಲಿ ಅವು ನೆಲೆಯಾದುದು 2001ರ ಎಕ್ಸ್‌ಪಿ ಆವೃತ್ತಿಯಿಂದೀಚೆಗೆ. ನುಡಿ ಮೊದಲಾದ ತಂತ್ರಾಂಶಗಳು ಕನ್ನಡಿಗರಿಗೆ ಮಾಡಿದ ಉಪಕಾರವು ಅಲ್ಪವಲ್ಲ. ಕಚೇರಿಗಳೂ ಮುದ್ರಣಾಲಯಗಳೂ ಕನ್ನಡದಲ್ಲಿ ಬರೆಯುವಂತಾದುದು ಅವುಗಳಿಂದ. ಆದರೆ ಅವುಗಳ ಹಳೆಯ ಅಚ್ಚುಗಳಲ್ಲಿ ಅಕ್ಷರದ ತುಂಡುಗಳನ್ನು ಲ್ಯಾಟಿನ್ ಗುರುತುಗಳ ಸ್ಥಾನದಲ್ಲಿ ಇಡಲಾಗಿದ್ದಿತು. ನುಡಿಯ ಆ ಅಚ್ಚಿನಲ್ಲಿ 'ಕನ್ನಡ' ಎಂದು ಬರೆದರೆ ಕಕಾರದ ಮೈಗೆ 'ಪಿ' ಎಂಬ ದೊಡ್ಡಕ್ಷರ, ತಲಕಟ್ಟಿಗೆ ಬೇರೊಂದು ಗುರುತು, ನಕಾರಕ್ಕೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ, ಅದರ ಒತ್ತಿಗೆ ಜರ್ಮನರ ಜೋಡಿ ಸಕಾರ, ಡಕಾರಕ್ಕೆ 'ಕ್ಯೂ' ಎಂಬ ಚಿಕ್ಕಕ್ಷರ, ಹೀಗೆ ಶೇಖರವಾಗುವುದು. ಅಚ್ಚಿನ ವೇಷವನ್ನು ತೆಗೆದರೆ ಉಳಿಯುವುದು ಅರ್ಥವಿಲ್ಲದ ಗುರುತುಗಳ ಸಾಲು.

ಈಗ ನಂದಿಗುಡಿಯ ಉಪಾಧ್ಯಾಯರೊಬ್ಬರು ತಮ್ಮ ಊರಿನ ವಿಷಯವಾಗಿ ಹಲವು ವರ್ಷಗಳಿಂದ ಹಳೆಯ ನುಡಿಯಲ್ಲಿ ಟಿಪ್ಪಣಿಗಳನ್ನು ಬರೆದಿಟ್ಟಿರುವರೆಂದು ಭಾವಿಸೋಣ. ಅವರು ಹುಡುಕುವ ಚೌಕದಲ್ಲಿ ಯೂನಿಕೋಡಿನಿಂದ ಊರಿನ ಹೆಸರನ್ನು ಬರೆದರೆ ಆ ಟಿಪ್ಪಣಿಗಳಲ್ಲಿ ಒಂದೂ ಬಾರದು. ಮನೆಯನ್ನು ಮಾತ್ರ ಹುಡುಕುವ ಯಂತ್ರವಾಗಿದ್ದರೆ 'ಇಲ್ಲ' ಎಂಬ ಉತ್ತರ ಬಂದು, ತಾವೇ ಬರೆದುದು ಹೇಗೆ ಇಲ್ಲದಾಯಿತೆಂಬ ಶಂಕೆಯು ಒಡನೆ ಹುಟ್ಟುತ್ತಿದ್ದಿತು. ಶಂಕೆಯೇ ಸಂಶೋಧನೆಯ ಮೊದಲ ಮೆಟ್ಟಲು. ಕೂಡಿಕೆಯ ಯಂತ್ರವಾದರೋ ಆ ಬರಿದಾದ ಸ್ಥಳವನ್ನು ಅಂತರ್ಜಾಲದ ಫಲಗಳಿಂದ ಒಡನೆಯೇ ತುಂಬುವುದು. ಮನೆಯ ಪೆಟ್ಟಿಗೆ ತೆರೆಯಲೇ ಇಲ್ಲವೆಂಬ ಸಂಗತಿಯು ಸಂತೆಯ ಗದ್ದಲದಲ್ಲಿ ಮುಚ್ಚಿಹೋಗುವುದು. ದೋಷದ ತಿರುಳು ಇಲ್ಲಿರುವುದು.

ಲಿಪಿಯ ತೊಡಕು ನೀಗಿದರೂ ಭಾಷೆಯ ತೊಡಕು ಉಳಿಯುವುದು. ಕ ತ ಪ ಗಳಿಗೆ ಗ ದ ಬ ಗಳು ಆದೇಶವಾಗುವುದನ್ನು ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ವಿವರಿಸಿದನು. ಹೀಗಿದ್ದರೂ, ಅಕ್ಷರಕ್ಕೆ ಅಕ್ಷರವನ್ನು ಹೋಲಿಸುವ ಯಂತ್ರವು 'ಕಾಲ' ಎಂಬುದರಿಂದ 'ಮಳೆಗಾಲ'ವನ್ನಾಗಲಿ, 'ತಾವರೆ' ಎಂಬುದರಿಂದ 'ಬೆಟ್ಟದಾವರೆ'ಯನ್ನಾಗಲಿ ಕಾಣದು. 'ಊರು' ಎಂದು ಕೇಳಿದವನಿಗೆ 'ಊರಿನಲ್ಲಿ' ದೊರೆಯದು. ಪಾಠಾಂತರಗಳ ಗತಿಯೂ ಹೀಗೆಯೇ. 1224ರ ಸುಮಾರಿನಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಹೊಯ್ಸಳ ದಂಡನಾಥನ ಹೆಸರನ್ನು ಪೋಲಾಳ್ವನೆಂದೂ ಪೊಲಾಳ್ವನೆಂದೂ ಬರೆಯುವುದುಂಟು. ಒಂದು ರೂಪವನ್ನು ಬಲ್ಲವನಿಗೆ ಮತ್ತೊಂದು ಸಿಕ್ಕುವುದು ಅದೃಷ್ಟದ ಮಾತು.

ಇನ್ನು ಹರಿಹರದ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿವೆ. ಅದು ಚಿತ್ರದುರ್ಗ ಜಿಲ್ಲೆಯ ಸಂಪುಟ. ಅದರೊಳಗೆ ಅವು ದಾವಣಗೆರೆ ತಾಲ್ಲೂಕಿನ ಕೆಳಗೆ ಬರುವುವು. ದಾವಣಗೆರೆ ಜಿಲ್ಲೆಯಾದುದು 1997ರಲ್ಲಿ. ಈಗಿನ ಜಿಲ್ಲೆಯ ಹೆಸರನ್ನೂ ಹರಿಹರ ತಾಲ್ಲೂಕನ್ನೂ ಕೂಡಿಸಿ ಹುಡುಕುವ ವಿದ್ಯಾರ್ಥಿಗೆ ರೈಸ್ ಸಾಹೇಬರ ಸಂಪುಟವು ಎದುರಾಗದಿದ್ದರೆ ಆಶ್ಚರ್ಯವಿಲ್ಲ. ಸಂಪುಟವನ್ನು ಕೈಯಲ್ಲಿ ಹಿಡಿದವನಿಗೆ ತಾಲ್ಲೂಕುಗಳ ವಿಂಗಡಣೆಯು ಕಣ್ಣಿಗೆ ಬಿದ್ದು, ಎಲ್ಲಿ ನೋಡಬೇಕೆಂಬುದನ್ನು ಅದೇ ಕಲಿಸುವುದು. ಚೌಕವು ತಾನು ಯಾವ ಪುಟಗಳನ್ನು ನೋಡಿತು, ಯಾವುದನ್ನು ಓದಲಾರದೆ ಬಿಟ್ಟಿತು ಎಂಬುದನ್ನು ಉತ್ತರದೊಡನೆ ಹೇಳುವುದಿಲ್ಲ. ಹೀಗಿರಲು 'ಈ ಶಬ್ದಕ್ಕೆ ಪ್ರಯೋಗವಿಲ್ಲ', 'ಈ ಊರಿನ ಉಲ್ಲೇಖವಿಲ್ಲ' ಎಂಬ ನಿಷೇಧವಾಕ್ಯಗಳನ್ನು ಇದರ ಬಲದಿಂದ ಪ್ರಬಂಧಗಳಲ್ಲಿ ಬರೆಯುವುದು ಪ್ರಮಾಣವಿಲ್ಲದ ಸಾಹಸವೇ ಸರಿ.

ದೊಡ್ಡ ಪುಸ್ತಕಾಲಯಗಳಿಂದ ದೂರವಿರುವ ಹಳ್ಳಿಯ ಅಧ್ಯಾಪಕನಿಗೆ ಅಂತರ್ಜಾಲದ ಶೋಧವು ವರವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಬೇಕಾದುದು ಎರಡು ಉತ್ತರಗಳನ್ನು ಎರಡಾಗಿಯೇ ತೋರಿಸುವ ಏರ್ಪಾಡು. ಅದಕ್ಕೂ ಮೊದಲು, ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಕೆಲಸ. ಪರಿವರ್ತಕಗಳು ಇರುವುವು, ಆದರೂ ಮೂಲದೊಡನೆ ಹೋಲಿಸಿ ನೋಡುವುದನ್ನು ಬಿಡಲಾಗದು. 'ಧರ್ಮ' ಎಂಬಲ್ಲಿ ಹಳೆಯ ಅಚ್ಚು ಅರ್ಕಾವತ್ತನ್ನು ಮಕಾರದ ಮುಂದೆ ಬರೆದಿಡುವುದು. ಯೂನಿಕೋಡಿನಲ್ಲಿ ರೇಫವು ಉಚ್ಚಾರದ ಕ್ರಮದಂತೆ ಮಕಾರಕ್ಕಿಂತ ಮೊದಲು ಬರಬೇಕು. ಈ ಸ್ಥಾನಪಲ್ಲಟವು ಒಂದೆಡೆ ತಪ್ಪಿದರೆ ಆ ಶಬ್ದವು ಮತ್ತೆ ಹುಡುಕುವವನ ಕೈಗೆ ಸಿಕ್ಕದೆ ಹೋಗುವುದು.