ಐಹೊಳೆಗೆ ಬಂದ ಮೊದಲ ಕ್ಯಾಮೆರಾಗಳು

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ದುರ್ಗ ಗುಡಿಯ ಸುತ್ತ ಇಂದು ಹುಲ್ಲುಹಾಸು ಇದೆ, ಬೇಲಿ ಇದೆ. 1850ರ ದಶಕದಲ್ಲಿ ಥಾಮಸ್ ಬಿಗ್ಸ್ ತೆಗೆದ ಚಿತ್ರ ನೋಡಿದರೆ ಇದೇ ಗುಡಿಯೇ ಎಂದು ಅನುಮಾನ ಬರುತ್ತದೆ. ಚಾಳುಕ್ಯರ ಕಂಬಸಾಲಿನ ನೆತ್ತಿಯ ಮೇಲೆ ಒರಟು ಕಲ್ಲು ಪೇರಿಸಿ ಕಟ್ಟಿದ ಕಾವಲುಗೋಡೆ ಕೂತಿದೆ. ಗುಡಿಗೆ ದುರ್ಗ ಎಂಬ ಹೆಸರು ಕೊಟ್ಟದ್ದು ದೇವಿಯಲ್ಲ, ಆ ಕೋಟೆ. ಮುಂದೆ ಬಂದವರು ಅದನ್ನು ಕಸವೆಂದು ಕಿತ್ತು ತೆಗೆದರು. ಅದು ಅಲ್ಲಿತ್ತು ಎಂಬುದಕ್ಕೆ ನಮ್ಮ ಕೈಯಲ್ಲಿ ಉಳಿದಿರುವ ಒಳ್ಳೆಯ ಸಾಕ್ಷಿ ಇಂಥ ಹಳೆಯ ಚಿತ್ರಗಳೇ.

ಬಿಗ್ಸ್ ಫಿರಂಗಿ ದಳದ ಅಧಿಕಾರಿ. ಮುಂಬಯಿ ಸರ್ಕಾರ 1855ರಲ್ಲಿ ಅವನನ್ನು ಛಾಯಾಗ್ರಾಹಕನಾಗಿ ನೇಮಿಸಿ ವಿಜಯಪುರ, ಬಾದಾಮಿ, ಐಹೊಳೆಗಳ ಕಡೆ ಕಳಿಸಿತು. ಅವನು ಸೈನ್ಯಕ್ಕೆ ಮರಳಿದ ಮೇಲೆ ಕೆಲಸ ಡಾಕ್ಟರ್ ಪಿಗೌ ಕೈಗೆ ಬಂತು. ಇವರಿಬ್ಬರ ಮತ್ತು ನೀಲ್ ಎಂಬಾತನ ಚಿತ್ರಗಳು ಸೇರಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಹಿರಿಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಹೊರಬಂತು. ದುಡ್ಡು ಹಾಕಿದವನು ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಇತಿಹಾಸ ಬರೆದವನು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು.

ಈ ಪರಂಪರೆಯ ಕಣ್ಣು ಎಂಥದು? ಮೊದಲು ಅದರ ಕಾಗದವನ್ನು ನೋಡಬೇಕು. ಬೆಳ್ಳಿಯ ಲವಣ ಹಚ್ಚಿದ ಕಾಗದದ ನೆಗೆಟಿವ್ ಅದು. ಕ್ಯಾಮೆರಾದ ಬಾಯಿ ನಿಮಿಷಗಟ್ಟಲೆ ತೆರೆದಿರಬೇಕು. ಕಲ್ಲು ನಿಂತಲ್ಲೇ ನಿಲ್ಲುತ್ತದೆ, ಕೊಡ ಹೊತ್ತು ಹೋಗುವ ಹೆಂಗಸು ನಿಲ್ಲುವುದಿಲ್ಲ, ಹಾಗಾಗಿ ಚಿತ್ರದಲ್ಲಿ ಅವಳಿಲ್ಲ. ಕೆಂಪು ಬಣ್ಣ ಆ ಕಾಗದಕ್ಕೆ ನಾಟುತ್ತಿರಲಿಲ್ಲ; ಬಾದಾಮಿಯ ಕೆಂಪು ಬಂಡೆ ಕಪ್ಪಾಗಿ, ನೀಲಿ ಮುಗಿಲು ಬರೀ ಬಿಳುಪಾಗಿ ಇಳಿಯಿತು. ಅಗಸ್ತ್ಯತೀರ್ಥದ ದಡದಲ್ಲಿ ನಿಂತ ಯಾರಿಗೂ ಬಾದಾಮಿ ಹಾಗೆ ಕಂಡಿಲ್ಲ.

ಆದರೆ ಎಲ್ಲ ಕೊರತೆಯನ್ನೂ ಕಾಗದದ ತಲೆಗೆ ಕಟ್ಟುವುದು ಸರಿಯಲ್ಲ. ಉದ್ದೇಶವೇ ಇಕ್ಕಟ್ಟಾಗಿತ್ತು. ಫರ್ಗ್ಯುಸನ್ನನಿಗೆ ಬೇಕಾದದ್ದು ಶೈಲಿಗಳ ವಂಶಾವಳಿ: ಯಾವ ಕಂಬ ಯಾವ ಕಾಲದ್ದು, ಯಾವ ಶಿಖರ ಉತ್ತರದ್ದು, ಯಾವುದು ದಕ್ಷಿಣದ್ದು. ಗುಡಿಯೊಳಗೆ ಒಲೆ ಹಚ್ಚಿದವರು, ಕಂಬಕ್ಕೆ ಎಮ್ಮೆ ಕಟ್ಟಿದವರು ಆ ಲೆಕ್ಕಕ್ಕೆ ಸೇರುವುದಿಲ್ಲ. ಐಹೊಳೆಯ ಜನ ಮಾತ್ರ ಆ ಲೆಕ್ಕವನ್ನು ಹೆಸರಿನಲ್ಲೇ ಇಟ್ಟುಕೊಂಡರು. ಲಾಡಖಾನ್ ಗುಡಿ ಎಂದರೆ ಅಲ್ಲಿ ವಾಸವಿದ್ದ ಮನುಷ್ಯನ ಹೆಸರು. ಹುಚ್ಚಪ್ಪಯ್ಯನ ಮಠ, ಗೌಡರ ಗುಡಿ, ಅಂಬಿಗೇರ ಗುಡಿ ಎನ್ನುವಾಗಲೂ ಊರೇ ಮಾತಾಡುತ್ತದೆ.

1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ಪುರಾತತ್ವ ಸಮೀಕ್ಷೆ ಮಾಡಿದ. ಆಮೇಲೆ ಹೆನ್ರಿ ಕಸಿನ್ಸ್ ಬಂದ. ಕನ್ನಡ ಜಿಲ್ಲೆಗಳ ಚಾಳುಕ್ಯ ವಾಸ್ತುವಿನ ಮೇಲೆ ಅವನ ಗ್ರಂಥ ಅಚ್ಚಾದದ್ದು 1926ರಲ್ಲಿ. ನಕ್ಷೆ, ಅಳತೆ, ವಿವರ ಎಲ್ಲದರಲ್ಲೂ ಕಸಿನ್ಸ್ ಬಿಗ್ಸ್‌ಗಿಂತ ದೊಡ್ಡವನು, ಅವನಿಲ್ಲದೆ ಚಾಳುಕ್ಯರ ಅಧ್ಯಯನ ಮುಂದೆ ಸಾಗದು. ಆದರೂ ನನ್ನ ಮನಸ್ಸು ಬಿಗ್ಸ್ ಕಡೆಗೇ ಒಲಿಯುತ್ತದೆ. ಅವನು ಗುಡಿಯನ್ನು ಕಂಡದ್ದು ಯಾರೂ ಅದನ್ನು ಗುಡಿಸಿ ಒಪ್ಪ ಮಾಡುವ ಮೊದಲು. ಬೇಡದ ಗೋಡೆ, ಬಿದ್ದ ಕಲ್ಲು, ಕಾಡುಗಿಡ ಎಲ್ಲವೂ ಚೌಕಟ್ಟಿನೊಳಗೆ ನುಗ್ಗಿವೆ. ಅವನು ಬಯಸದೆ ಹಿಡಿದದ್ದೇ ನಮಗೆ ಇಂದು ಹೆಚ್ಚು ಬೆಲೆಯದು.

ಸ್ಮಾರಕವೆಂದರೆ ಖಾಲಿ ಬಯಲಲ್ಲಿ ಒಂಟಿಯಾಗಿ ನಿಂತ ಕಲ್ಲು ಎಂಬ ಕಲ್ಪನೆಯನ್ನು ಬೆಳೆಸಿದ್ದರಲ್ಲಿ ಈ ಪರಂಪರೆಯ ಪಾಲು ದೊಡ್ಡದು. ಆಮೇಲೆ ಬಯಲನ್ನು ಚಿತ್ರಕ್ಕೆ ಹೊಂದಿಸಲಾಯಿತು, ಮನೆಗಳನ್ನು ತೆರವು ಮಾಡಲಾಯಿತು. ಐಹೊಳೆಯಲ್ಲಿ ಸ್ಥಳಾಂತರದ ಮಾತು ಇಂದಿಗೂ ಮುಗಿದಿಲ್ಲ.

ಹಂಪಿಯಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರಗಳನ್ನು 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅದದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಬಿಗ್ಸ್, ಪಿಗೌ ನಿಂತ ಜಾಗಗಳಲ್ಲೂ ಆ ಕೆಲಸ ಆಗಬೇಕು. ಅದು ಇಳಕಲ್, ಹುನಗುಂದದ ಹುಡುಗ ಹುಡುಗಿಯರ ಕೈಯಿಂದಲೇ ಆಗಲಿ. ಹಳೆಯ ಚಿತ್ರಗಳನ್ನು ಐಹೊಳೆಯ ಹಿರಿಯರ ಮುಂದೆ ಹರಡಿ, ಯಾವ ಗುಡಿಯಲ್ಲಿ ಯಾರ ಮನೆತನ ಇತ್ತು, ಯಾವ ಗೋಡೆ ಯಾವಾಗ ಬಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಕೇಳಬೇಕಾದವರಿಗೆ ವಯಸ್ಸಾಗಿದೆ, ಇದು ಮುಂದಿನ ವರ್ಷಕ್ಕೆ ಬಿಡುವ ಕೆಲಸವಲ್ಲ.