ತೈಲ, ಜಲ ಮತ್ತು ಬಂಡಾಯ
ನೈಜೀರಿಯದ ನೈಜರ್ ನದೀಮುಖದಲ್ಲಿ, ಒಲೊಯ್‌ಬಿರಿ ಎಂಬೆಡೆ, 1956ರಲ್ಲಿ ತೈಲ ದೊರೆಯಿತು. ರಾಷ್ಟ್ರಕ್ಕೆ ಐಶ್ವರ್ಯ ಬಂದಿತು; ಅಲ್ಲಿನ ಬೆಸ್ತರಿಗೆ ಉಳಿದುದು ಕೆಟ್ಟ ನೀರು. ಇದರಿಂದ ಹುಟ್ಟಿದ ಸಶಸ್ತ್ರ ಬಂಡಾಯವೇ ಹೆಲನ್ ಹಬೀಲಾ ಅವರ ‘ಆಯಿಲ್ ಆನ್ ವಾಟರ್’ (2010) ಕಾದಂಬರಿಯ ವಸ್ತು. ಸೇನಾಧಿಕಾರಿಯೊಬ್ಬನು ಬಂಧಿತರ ಮೈಮೇಲೆ ಪೆಟ್ರೋಲನ್ನು ಸುರಿಯುವ ಪ್ರಸಂಗವೇ ಕೃತಿಯ ಹೃದಯವೆಂದು ನಾವು ಭಾವಿಸುತ್ತೇವೆ. ಕಲಹಕ್ಕೆ ಕಾರಣವಾದ ದ್ರವ್ಯವೇ ಅಲ್ಲಿ ಹಿಂಸೆಯ ಸಾಧನ. (ಲೇಖಕರು ಇದನ್ನು ವಿವರಿಸಹೊರಡದುದು ಮೆಚ್ಚತಕ್ಕದ್ದು.) ಆದರೆ ಬಂಡಾಯದ ನಾಯಕನಾದ ‘ಪ್ರೊಫೆಸರ್’ ನಮ್ಮೆದುರು ಬಾಯಿ ತೆರೆಯುವುದು ಕಥೆ ಮುಗಿಯುವ ಹೊತ್ತಿಗೆ. ನಿರೂಪಕನು ಪತ್ರಕರ್ತನಾದುದರಿಂದ ಇದು ಸಹಜವೆನ್ನಬಹುದು. ನಮಗದು ಪೂರ್ಣವಾಗಿ ಒಪ್ಪಿಗೆಯಾಗದು. ನೆಲೆತಪ್ಪಿದ ಬೆಸ್ತರ ಅಲೆದಾಟವು ಕಣ್ಣಿಗೆ ಕಟ್ಟುವಂತಿದೆ. ಅಂತಹ ಮನೆಯ ತರುಣನು ಬಲೆಯನ್ನು ಬಿಟ್ಟು ಬಂದೂಕನ್ನು ಹಿಡಿದ ಗಳಿಗೆ ಮಾತ್ರ ನಮಗೆ ಕಾಣಸಿಗುವುದಿಲ್ಲ.