ಆರಾಧನೆಯೂ ಅನುಕೃತಿಯೂ

1886ರ ಮೇ ತಿಂಗಳಲ್ಲಿ ‘ಪ್ಯಾರಿಸ್ ಇಲ್ಯುಸ್ತ್ರೆ’ ಎಂಬ ಫ್ರೆಂಚ್ ಪತ್ರಿಕೆಯು ಜಪಾನಿಗೆಂದೇ ಮೀಸಲಾದ ಸಂಚಿಕೆಯೊಂದನ್ನು ಹೊರತಂದಾಗ ಅದರ ಮುಖಪುಟವನ್ನು ಅಲಂಕರಿಸಿದುದು ಕೇಸೈ ಐಸೆನ್ ಎಂಬ ಜಪಾನೀ ಚಿತ್ರಕಾರನ ಗಣಿಕೆಯ ಚಿತ್ರ. ಆ ಮುಖಪುಟದ ಮೇಲೆ ತೆಳುಗಾಗದವನ್ನು ಹರಡಿ, ಆಕೃತಿಯ ರೇಖೆಗಳನ್ನು ಎತ್ತಿಕೊಂಡು, ಚೌಕಗೆರೆಗಳ ನೆರವಿನಿಂದ ಅದನ್ನು ಹಿಗ್ಗಿಸಿ, 1887ರಲ್ಲಿ ತೈಲವರ್ಣದಲ್ಲಿ ಬರೆದವನು ವಿನ್ಸೆಂಟ್ ವ್ಯಾನ್ ಗೋ. ವಿಧಾನವೊಂದನ್ನೇ ನೋಡುವುದಾದರೆ ಇದು ನಿಸ್ಸಂದೇಹವಾಗಿ ನಕಲು. ಅಚ್ಚಿನಲ್ಲಿ ಎಡಬಲ ಪಲ್ಲಟವಾಗಿದ್ದ ಆಕೃತಿಯು ಇವನ ಪಟದಲ್ಲಿಯೂ ಹಾಗೆಯೇ ನಿಂತಿದೆ.

ಆದರೂ ಇದನ್ನು ಚೌರ್ಯವೆನ್ನಲು ನನ್ನ ಮನಸ್ಸು ಒಪ್ಪದು. ಗಣಿಕೆಯ ಸುತ್ತ ಅವನು ತಾನಾಗಿ ಹೂಡಿದ ಅಂಚಿನಲ್ಲಿ ಬಿದಿರಿದೆ, ನೈದಿಲೆಯಿದೆ, ಕೊಕ್ಕರೆಯೂ ಕಪ್ಪೆಯೂ ಇವೆ. ಅಂದಿನ ಫ್ರೆಂಚ್ ಆಡುಮಾತಿನಲ್ಲಿ ಈ ಎರಡು ಪ್ರಾಣಿಗಳ ಹೆಸರೂ ವೇಶ್ಯೆಯರಿಗೆ ಸಲ್ಲುತ್ತಿದ್ದುವಾದುದರಿಂದ, ಆ ಅಂಚು ಬರಿಯ ಶೃಂಗಾರವಾಗದೆ ಮೂಲಚಿತ್ರಕ್ಕೆ ಬರೆದ ವ್ಯಾಖ್ಯಾನವೇ ಆಗಿದೆ.

ಅದೇ ವರ್ಷ ಅವನು ಹಿರೋಶಿಗೆ ಎಂಬ ಜಪಾನೀ ಕಲಾವಿದನ ಎರಡು ಮರದಚ್ಚಿನ ಮುದ್ರಿಕೆಗಳನ್ನೂ ಅನುಕರಿಸಿದನು. ಅವುಗಳಲ್ಲಿ ಸೇತುವೆಯ ಮೇಲೆ ಹಠಾತ್ತನೆ ಸುರಿಯುವ ಮಳೆಯ ಚಿತ್ರವನ್ನು ಮೂಲದೊಡನೆ ಇಟ್ಟು ನೋಡಬೇಕು. 1857ರ ಆ ಮುದ್ರಿಕೆಯ ಮಳೆಯೆಂದರೆ, ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಮಾತ್ರ ಉಬ್ಬಾಗಿ ಉಳಿಸಿ ಮಿಕ್ಕ ಮರವನ್ನೆಲ್ಲ ಕೆತ್ತಿ ತೆಗೆದ ಅಜ್ಞಾತ ಶಿಲ್ಪಿಯೊಬ್ಬನ ಸಾಧನೆ. ಕುಂಚಕ್ಕೆ ಅದು ಎಟುಕದು, ವ್ಯಾನ್ ಗೋನ ಮಳೆ ಸೊರಗಿಯೇ ಇದೆ. ಆದರೆ ಮೂಲದಲ್ಲಿ ನಿಸ್ತರಂಗವಾಗಿ ಹಬ್ಬಿರುವ ಹೊಳೆಯು ಇವನ ದಪ್ಪ ಹಸಿರು ಹೊಡೆತಗಳಲ್ಲಿ ಸೆಳೆತಗೊಂಡು ಹರಿಯುತ್ತದೆ. ಮರವು ಕೊಡಲಾರದುದನ್ನು ಬಣ್ಣದಿಂದ ಪಡೆದ ಈ ಎಡೆಯಲ್ಲಿಯೇ ಶಿಷ್ಯನು ಗುರುವಿಗೆ ನಿಜವಾದ ಕಾಣಿಕೆಯನ್ನು ಸಲ್ಲಿಸಿದ್ದಾನೆ. ಚಿತ್ರದ ಅಂಚಿಗೆ ಬೇರೆ ಮುದ್ರಿಕೆಗಳಿಂದ ತಂದು, ಓದಲು ಬಾರದೆಯೇ ಜೋಡಿಸಿದ ಜಪಾನೀ ಅಕ್ಷರಗಳಾದರೋ ನನಗೆ ರುಚಿಸವು. ಅಲ್ಲಿ ಪೂಜ್ಯಭಾವಕ್ಕಿಂತ ಪರದೇಶದ ಬೆಡಗಿನ ಮೋಹವೇ ಹೆಚ್ಚು.

ಇಷ್ಟಾಗಿಯೂ ಅವನು ತನ್ನ ಋಣವನ್ನು ಎಂದಿಗೂ ಬಚ್ಚಿಡಲಿಲ್ಲ. ತಾನು ಸಂಗ್ರಹಿಸಿದ ಜಪಾನೀ ಮುದ್ರಿಕೆಗಳನ್ನು 1887ರಲ್ಲಿ ಪ್ಯಾರಿಸ್ಸಿನ ತಾಂಬುರಿನ್ ಎಂಬ ಕಾಫಿಗೃಹದ ಗೋಡೆಗಳ ಮೇಲೆ ತೂಗುಹಾಕಿ, ಯಾರು ಬೇಕಾದರೂ ಬಂದು ನೋಡಲೆಂದು ಪ್ರದರ್ಶನವನ್ನೇ ಏರ್ಪಡಿಸಿದನು. ಇಂದು ಪುಸ್ತಕಗಳಿಗೆ ಮುಖಪುಟ ಬರೆಯುವವರಲ್ಲಿ ಕೆಲವರು ಅನ್ಯರ ವಿನ್ಯಾಸವನ್ನು ಇಡಿಯಾಗಿ ಎತ್ತಿ, ಬಣ್ಣವನ್ನಷ್ಟೇ ಬದಲಿಸಿ, ಕೆಳಗೆ ತಮ್ಮೊಬ್ಬರ ಹೆಸರನ್ನೇ ಬರೆದುಕೊಳ್ಳುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಒಳಪುಟದಲ್ಲಿ ಮೂಲ ಕಲಾವಿದನ ಹೆಸರಿಗೆ ಒಂದು ಸಾಲಿನ ಎಡೆಯನ್ನು ಪ್ರಕಾಶಕರಾದರೂ ಬಿಟ್ಟುಕೊಡಬೇಕು.